ಎರಡೂ ಎಡಗೈ ತೋಳು: ಕ್ಯಾಟಟೋನಿಯಾ ಇಳಿದ ಮೇಲೆ ಉಳಿದ ತೊಡಕು

ಕ್ಯಾಟಟೋನಿಯಾ, ಅಂದರೆ ಮನಸ್ಸಿನ ಕಾಯಿಲೆಯಲ್ಲಿ ಮೈ-ಮಾತು ಸ್ತಬ್ಧವಾಗುವ ಸ್ಥಿತಿ, ಅಂದ ಕೂಡಲೇ ನಮ್ಮ ಕಣ್ಣು ಹೋಗುವುದು ರೋಗಿಯ ಮೈ ಮೇಲೆ. ಮಾತಿಲ್ಲ, ಅಲುಗಾಟವಿಲ್ಲ, ಎತ್ತಿದ ಕೈ ಎತ್ತಿದ ಹಾಗೇ ನಿಲ್ಲುತ್ತದೆ. ಮೈ ಸಡಿಲವಾಗಿ, ಎದ್ದು ಓಡಾಡಿ, ಊಟ ಮಾಡಿದರೆ ವಾರ್ಡಿನಲ್ಲಿ ಎಲ್ಲರಿಗೂ ಸಮಾಧಾನ. ಡಿಸ್ಚಾರ್ಜ್ ಆಗುತ್ತದೆ, ಫೈಲು ಮುಚ್ಚುತ್ತದೆ. ಈ ಪ್ರಕರಣವನ್ನು ಬರೆಯುತ್ತಿರುವುದು ಫೈಲು ಮುಚ್ಚಿದ ಮೇಲೆ ಮನೆಯಲ್ಲಿ ಏನಾಯಿತು ಅಂತ ಹೇಳುವುದಕ್ಕೆ. ಮಲಗಿದ್ದಾಗ ಈಕೆಗೆ ಏನೂ ತಿಳಿಯುತ್ತಿಲ್ಲ ಅಂದುಕೊಂಡರು, ತಿಳಿಯುತ್ತಿತ್ತು. ಎದ್ದು ಓಡಾಡಿದಾಗ ಎಲ್ಲ ಸರಿಹೋಯಿತು ಅಂದುಕೊಂಡರು, ಹೋಗಿರಲಿಲ್ಲ.

ನಾನು ಆ ವಾರ್ಡಿನ ಕ್ಲಿನಿಕಲ್ ಸೈಕಾಲಜಿಸ್ಟ್. ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಹಿನ್ನೆಲೆ

ಆಕೆಯನ್ನು ಸರೋಜಾ ಅನ್ನೋಣ. ವಯಸ್ಸು 36. ಮಧ್ಯ ಕರ್ನಾಟಕದ ಒಂದು ತಾಲೂಕು ಕೇಂದ್ರದಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಟೈಲರಿಂಗ್. ಓದು ಎಸ್ಸೆಸ್ಸೆಲ್ಸಿವರೆಗೆ. ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ. ಇಬ್ಬರು ಮಕ್ಕಳು, ಜೊತೆಯಲ್ಲೇ ಅತ್ತೆ. ಬ್ಲೌಸ್ ಹೊಲಿಯುವುದರಲ್ಲಿ ಸರೋಜಾ ಅವರದು ಬೀದಿಗೇ ಎತ್ತಿದ ಕೈ. ಅಳತೆ ಬ್ಲೌಸ್ ಮುಂದಿಟ್ಟರೆ ಸಾಕು, ಟೇಪು ಹಿಡಿಯದೆ ಕತ್ತರಿ ಹಾಕುತ್ತಿದ್ದಳು ಅಂತ ಅತ್ತೆಯೇ ಹೇಳಿದರು. ಸೊಸೆಯ ಬಗ್ಗೆ ಅತ್ತೆ ಹೊಗಳಿ ಹೇಳಿದ್ದನ್ನು ನಂಬಬಹುದು ಅಂತ ಕೇಸ್ ಶೀಟಿನಲ್ಲಿ ಬರೆದುಕೊಂಡೆ. ಕಾಯಿಲೆಗೆ ಮುಂಚೆ ಆಕೆಯ ಕೈ ಎಷ್ಟು ಓಡುತ್ತಿತ್ತು ಅನ್ನುವುದಕ್ಕೆ ಮುಂದೆ ನಮಗೆ ಇದ್ದ ಏಕೈಕ ದಾಖಲೆ ಅದು.

ಎರಡನೇ ಬಾಣಂತನದಲ್ಲಿ ಕೆಲವು ತಿಂಗಳು ಮಂಕಾಗಿದ್ದರಂತೆ. ಆಗ ಯಾರಿಗೂ ತೋರಿಸಲಿಲ್ಲ, ತಾನೇ ಸರಿಹೋಯಿತು. ಈ ಸಲ ತಂದೆ ತೀರಿಕೊಂಡ ಮೇಲೆ ನಿದ್ದೆ ಕೆಟ್ಟಿತು. ದೀಪಾವಳಿಯ ಬಟ್ಟೆಗಳು ರಾಶಿ ಬಿದ್ದಿದ್ದವು. ಪೆಡಲ್ ಮೇಲೆ ಕಾಲಿಟ್ಟು ಸುಮ್ನೆ ಕೂತಿರುತ್ತಿದ್ದರು. ಆಮೇಲೆ ಊಟದಲ್ಲಿ ವಿಚಿತ್ರ ಶುರುವಾಯಿತು. ಅನ್ನ ಕಲಸಿ ತುತ್ತು ಎತ್ತುತ್ತಾರೆ, ಕೈ ಎದೆಯ ಹತ್ತಿರ ಬಂದು ಅಲ್ಲೇ ನಿಲ್ಲುತ್ತದೆ. ಸಾರು ಮುಂಗೈಗೆ ಇಳಿಯುತ್ತದೆ. ಅತ್ತೆ ಮೊಣಕೈ ತಟ್ಟಿದರೆ ಬಾಯಿಗೆ ಹೋಗುತ್ತದೆ, ಇಲ್ಲವಾದರೆ ಇಲ್ಲ. ಅದಾಗಿ ಒಂದು ವಾರಕ್ಕೆ ಮಾತು ನಿಂತಿತು.

ಗರ ಬಡಿದಿದೆ ಅಂತ ತಾಯಿತ ಕಟ್ಟಿಸಿದರು. ನಂತರ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಅಲ್ಲಿ ಮಾತಾಡದೆ, ಊಟ ಬಿಟ್ಟು, ಮುಟ್ಟಿದರೆ ಬಿಗಿದುಕೊಳ್ಳುವ ಹೆಂಗಸನ್ನು ನೋಡಿ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಕಾಯಿಲೆ) ಅಂತ ಅದಕ್ಕೆ ಕೊಡುವ ಆಂಟಿಸೈಕೋಟಿಕ್ ಔಷಧಿ ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಕೊಟ್ಟರು. ಮೈ ಇನ್ನೂ ಸೆಟೆದುಕೊಂಡಿತು, ಜ್ವರ ಬಂತು. ಕ್ಯಾಟಟೋನಿಯಾ ಇದ್ದಾಗ ಈ ಗುಂಪಿನ ಔಷಧಿಗಳು ಪರಿಸ್ಥಿತಿಯನ್ನು ಹದಗೆಡಿಸಬಹುದು, ಜೀವಕ್ಕೇ ಅಪಾಯ ತರುವ ನ್ಯೂರೋಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್‌ಗೂ ದಾರಿಯಾಗಬಹುದು. ನಮ್ಮ ವಾರ್ಡಿಗೆ ಬಂದಾಗ ಆಕೆಯ ಸ್ಥಿತಿ ಇದು: ಕಣ್ಣು ತೆರೆದಿದೆ, ರೆಪ್ಪೆ ಬಡಿಯುವುದೇ ಕಡಿಮೆ, ತಲೆ ದಿಂಬಿನಿಂದ ಸ್ವಲ್ಪ ಮೇಲೆ ಎತ್ತಿದೆ, ದಿಂಬು ತೆಗೆದರೂ ತಲೆ ಗಾಳಿಯಲ್ಲೇ.

ಮೊದಲ ದಿನಗಳು

ಕ್ಯಾಟಟೋನಿಯಾ ಅಳೆಯುವ ಬುಷ್-ಫ್ರಾನ್ಸಿಸ್ ಮಾಪಕದಲ್ಲಿ 23 ಅಂಶಗಳಿವೆ. ಮೊದಲ 14 ಪತ್ತೆಗೆ, ಒಟ್ಟು 23 ತೀವ್ರತೆ ಅಳೆಯಲಿಕ್ಕೆ. ಸರೋಜಾ ಅವರಿಗೆ 69ಕ್ಕೆ 27 ಬಂತು. ರಕ್ತದಲ್ಲಿ ಸಿಪಿಕೆ ಅನ್ನೋ ಸ್ನಾಯುವಿನ ಕಿಣ್ವ ಏರಿತ್ತು, ಕಬ್ಬಿಣದ ಅಂಶ ಇಳಿದಿತ್ತು, ಬಿ12 ಕಡಿಮೆ ಇತ್ತು. ಎಂಆರ್‌ಐ ಸರಿ ಇತ್ತು. ಹೊರಗೆ ಕಾಣದ ಫಿಟ್ಸ್ ಇರಬಹುದಾ ಅಂತ ಇಇಜಿ ಮಾಡಿಸಿದರು, ಅದೂ ಇಲ್ಲ. ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್ ಅನ್ನೋ ಮೆದುಳಿನ ಉರಿಯೂತದ ಕಾಯಿಲೆ 2007ರಲ್ಲಿ ಗುರುತಾದ ಮೇಲೆ ಕ್ಯಾಟಟೋನಿಯಾ ಕಂಡಾಗ ಅದನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಆ ಪರೀಕ್ಷೆಯೂ ನೆಗೆಟಿವ್. ಕೊನೆಗೆ ನಿಂತ ಡಯಾಗ್ನೋಸಿಸ್: ತೀವ್ರ ಖಿನ್ನತೆ, ಅದರ ಜೊತೆ ಕ್ಯಾಟಟೋನಿಯಾ.

ಇಲ್ಲಿ ಒಂದು ಮಾತು. 1874ರಲ್ಲಿ ಜರ್ಮನಿಯ ಕಾಲ್‌ಬೌಮ್ ಇದಕ್ಕೆ ಹೆಸರಿಟ್ಟಾಗ ಅವನು ನೋಡಿದವರಲ್ಲಿ ಖಿನ್ನತೆ, ಉನ್ಮಾದ ಇದ್ದವರೂ ಇದ್ದರು. ನಂತರ ಇದನ್ನು ಸ್ಕಿಜೋಫ್ರೇನಿಯಾದ ಒಂದು ಬಗೆ ಅಂತ ಎಷ್ಟೋ ದಶಕ ಪಾಠ ಮಾಡಿದರು. ಮಾತು ನಿಂತ ಕೂಡಲೇ ಹ್ಯಾಲೊಪೆರಿಡಾಲ್ ಕೈಗೆ ಬರುವುದಕ್ಕೆ ಆ ಹಳೇ ಪಾಠವೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಆಂಟಿಸೈಕೋಟಿಕ್ ನಿಲ್ಲಿಸಿದರು. ಡ್ರಿಪ್, ಮೂಗಿನ ನಳಿಕೆಯಲ್ಲಿ ಗಂಜಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ನಂತರ ಕ್ಯಾಟಟೋನಿಯಾ ಸಡಿಲಿಸುವ ಔಷಧಿ ಲೋರಾಜೆಪಾಮ್ 2 ಮಿಲಿಗ್ರಾಂ ರಕ್ತನಾಳಕ್ಕೆ ನಿಧಾನವಾಗಿ. ಹತ್ತು ನಿಮಿಷದಲ್ಲಿ ತಲೆ ದಿಂಬಿಗೆ ತಾಗಿತು. ತುಟಿ ಅಲುಗಿತು. ನೀರು ಕೇಳಿದರು. ಎಷ್ಟು ಸಲ ನೋಡಿದ್ದರೂ ಈ ಹತ್ತು ನಿಮಿಷ ನನಗೆ ಹಳತಾಗಿಲ್ಲ.

ಔಷಧಿಯ ಪ್ರಭಾವ ಇರುವ ಸ್ವಲ್ಪ ಹೊತ್ತು ಮಾತು ಬರುತ್ತಿತ್ತು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅಂಥ ಒಂದು ಬಿಡುವಿನಲ್ಲಿ ಕೂತು ಕೇಳಿದೆ. ಪಿಸುಮಾತಿನಲ್ಲಿ ಹೇಳಿದರು: "ನಾದಿನಿ ಅಂದ್ಲು, ಇವಳಿಗೆ ಇನ್ನೇನು ಗೊತ್ತಾಗುತ್ತೆ, ಹುಡುಗರನ್ನ ನಮ್ಮನೇಗೆ ಕರ್ಕೊಂಡು ಹೋಗ್ತೀನಿ ಅಂತ." ಪಕ್ಕದ ಹಾಸಿಗೆಯವರು ಮಗಳ ಮದುವೆಗೆ ಛತ್ರ ಸಿಗದೆ ಒದ್ದಾಡುತ್ತಿದ್ದದ್ದೂ ಗೊತ್ತಿತ್ತು. ಕೈ ಯಾಕೆ ಎತ್ತಲಿಲ್ಲ ಅಂದರೆ, "ಎತ್ತಿದ್ರೆ ಮಕ್ಕಳಿಗೆ ಏನೋ ಆಗುತ್ತೆ ಅಂತ ಭಯ" ಅಂದರು. ಕ್ಯಾಟಟೋನಿಯಾದಿಂದ ಎದ್ದವರಲ್ಲಿ ಬಹಳ ಜನ ಇಂಥ ವಿಪರೀತ ಭಯದ ಮಾತು ಆಡುತ್ತಾರೆ. ಕಿವಿ ಕೇಳಿಸುತ್ತಿರುತ್ತದೆ, ನೆನಪು ದಾಖಲಾಗುತ್ತಿರುತ್ತದೆ. ಎಲ್ಲರಿಗೂ ಹೀಗೇ ಅಂತಲ್ಲ. ಆದರೆ ಹಾಸಿಗೆ ಪಕ್ಕ ಮಾತಾಡುವಾಗ ಎಲ್ಲ ಕೇಳಿಸುತ್ತಿದೆ ಅಂದುಕೊಂಡೇ ಮಾತಾಡಬೇಕು. ಆಕೆ ಹೇಳಿದ್ದನ್ನು ಅವತ್ತೇ ಬರೆದಿಟ್ಟೆ. ಮುಂದೆ ಇಸಿಟಿ (ತಲೆಗೆ ಅಲ್ಪ ವಿದ್ಯುತ್ ಹಾಯಿಸುವ ಚಿಕಿತ್ಸೆ) ಆದರೆ ಆ ದಿನಗಳ ನೆನಪು ಅಳಿಸಿಹೋಗುವ ಸಾಧ್ಯತೆ ಇತ್ತು. ಹಾಗೇ ಆಯಿತು.

ನಾದಿನಿಯನ್ನು ಹೊರಗೆ ಕರೆದು ಹೇಳಿದಾಗ ಅವರ ಮುಖ ಇಷ್ಟಾಯಿತು. ಪಾಪ, ಒಳ್ಳೆಯದಕ್ಕೇ ಅಂದದ್ದು.

ಯಾವಾಗ ಪರೀಕ್ಷಿಸಬೇಕು?

ಈ ಹೊತ್ತಿಗೆ ಗಂಡನಿಗೆ ಒಂದೇ ಪ್ರಶ್ನೆ. "ಮೇಡಂ, ಬುದ್ಧಿ ಹೋಗಿಬಿಟ್ಟಿದೆಯಾ?" ತಂಡದಲ್ಲೂ ಒತ್ತಡ ಇತ್ತು. ಪೂರ್ತಿ ಬ್ಯಾಟರಿ (ಬುದ್ಧಿ-ನೆನಪಿನ ಪರೀಕ್ಷೆಗಳ ಕಟ್ಟು) ಮಾಡಿ ಒಂದು ರಿಪೋರ್ಟ್ ಕೊಟ್ಟುಬಿಡಿ, ಡಿಸ್ಚಾರ್ಜಿಗೆ ಅನುಕೂಲ ಅಂತ. ನಾನು ಬೇಡ ಅಂದೆ. ದಿನಕ್ಕೆ 8 ಮಿಲಿಗ್ರಾಂ ಲೋರಾಜೆಪಾಮ್ ಹೋಗುತ್ತಿದೆ, ಖಿನ್ನತೆ ತುಂಬಿದೆ, ಬಿ12 ಇಲ್ಲ, ಮೈ ಪೂರ್ತಿ ಬಿಟ್ಟಿಲ್ಲ. ಈಗ ಬರುವ ಅಂಕಿ ಯಾವುದರ ಅಂಕಿ? ಅದು ಫೈಲಿನಲ್ಲಿ ಕೂತರೆ ಮುಂದೆ ಅದೇ ಆಕೆಯ ಹಣೆಬರಹವಾಗುತ್ತದೆ.

ಹಾಗಂತ ಏನೂ ನೋಡದೆ ಬಿಡುವುದೂ ತಪ್ಪು. ಮುಂದೆ ಹೋಲಿಸಲಿಕ್ಕೆ ಒಂದು ಗುರುತು ಬೇಕಲ್ಲ. ಹಾಗಾಗಿ ಹಾಸಿಗೆ ಪಕ್ಕದಲ್ಲೇ ಕಾಲು ಗಂಟೆಯ ಪರೀಕ್ಷೆ ಮಾತ್ರ ಮಾಡಿದೆ. ಅಂಕಿಗಳನ್ನು ಹೇಳಿದ ಕ್ರಮದಲ್ಲೇ ತಿರುಗಿ ಹೇಳುವುದು ನಾಲ್ಕರವರೆಗೆ ಬಂತು. ಹಿಂದುಮುಂದಾಗಿ ಹೇಳುವುದು ಬರಲೇ ಇಲ್ಲ. ಪ್ರಾಣಿಗಳ ಹೆಸರು ಹೇಳಿ ಅಂದರೆ "ಹಸು, ನಾಯಿ, ಹಸು, ಹಸು" ಅಂತ ಅಲ್ಲೇ ಸಿಕ್ಕಿಕೊಂಡರು. ಗಡಿಯಾರ ಬರೆಯಲು ಕೊಟ್ಟರೆ ದುಂಡಗೆ ಬರೆದರು, ಆದರೆ ಹನ್ನೆರಡೂ ಅಂಕಿ ಬಲಗಡೆಯ ಅರ್ಧದಲ್ಲೇ ಒತ್ತೊತ್ತಾಗಿ ಬಂದವು. ಎಡಗಡೆ ಖಾಲಿ. ಪೆನ್ಸಿಲ್ ಕಾಗದದಿಂದ ಎತ್ತಲು ನಾನು ಹೇಳಬೇಕಾಯಿತು. ವರದಿಯಲ್ಲಿ ಬರೆದದ್ದು ಇಷ್ಟೇ: ಔಷಧಿ ಮತ್ತು ಕಾಯಿಲೆಯ ನಡುವೆ ತೆಗೆದ ಗುರುತು, ಬುದ್ಧಿಮಟ್ಟದ ಬಗ್ಗೆ ಇದರಿಂದ ಏನೂ ಹೇಳಲಾಗದು. ಗಂಡನಿಗೂ ಹಾಗೇ ಹೇಳಿದೆ. ಅವರಿಗೆ ತೃಪ್ತಿಯಾಗಲಿಲ್ಲ.

ಲೋರಾಜೆಪಾಮ್‌ನಿಂದ ಅರ್ಧ ದಾರಿ ಮಾತ್ರ ಸಾಗಿತು. ಊಟ ಇನ್ನೂ ನಳಿಕೆಯಲ್ಲೇ. ತಂಡ ಇಸಿಟಿಗೆ ಬಂತು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ ಕೊಡುವಂತಿಲ್ಲ. ನಾಮನಿರ್ದೇಶಿತ ಪ್ರತಿನಿಧಿಯಾಗಿ ಗಂಡ ಸಹಿ ಹಾಕಿದರು. ಸಿನಿಮಾದಲ್ಲಿ ನೋಡಿದ ಕರೆಂಟ್ ಶಾಕ್ ಅವರ ತಲೆಯಲ್ಲಿತ್ತು. ಸರೋಜಾ ಅವರನ್ನೂ ಕೇಳಿದೆವು, ಮಾತು ಬರುವ ಹೊತ್ತು ನೋಡಿ. ತಲೆಯಾಡಿಸಿದರು. ಆರು ಇಸಿಟಿ ಆದವು. ಮೂರನೆಯದಾದ ಮೇಲೆ ತಾವೇ ಇಡ್ಲಿ ಮುರಿದು ತಿಂದರು. ಆರನೆಯದರ ಹೊತ್ತಿಗೆ ಮಾಪಕದಲ್ಲಿ 2. ಜೊತೆಗೆ ಖಿನ್ನತೆಗೆ ಸರ್ಟ್ರಲಿನ್, ಬಿ12 ಇಂಜೆಕ್ಷನ್, ನಿಧಾನವಾಗಿ ಇಳಿಸಬೇಕಾದ ಲೋರಾಜೆಪಾಮ್. ಮನೆಗೆ ಹೋದರು.

ತೋಳು

ಸುಮಾರು ಒಂದೂವರೆ ತಿಂಗಳಿಗೆ ಗಂಡ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟು. "ಆ ಕರೆಂಟ್ ಕೊಟ್ಟು ಮೆದುಳು ಸುಟ್ಟುಬಿಟ್ರಿ ನೀವು."

ಆದದ್ದು ಇಷ್ಟು. ಪಕ್ಕದ ಮನೆಯವರು ಒಂದು ಬ್ಲೌಸ್ ಪೀಸ್ ಕೊಟ್ಟಿದ್ದರು. ಬಟ್ಟೆ ಸಾಲದು ಅಂತ ತೋಳುಗಳನ್ನು ಮಡಚಿ ಒಟ್ಟಿಗೆ ಕತ್ತರಿಸುವ ಬದಲು ಒಂದೊಂದಾಗಿ ಕತ್ತರಿಸಿದ್ದಾರೆ. ಒಂದನ್ನು ಕತ್ತರಿಸಿ, ಎರಡನೆಯದಕ್ಕೆ ಅದನ್ನು ತಿರುಗಿಸಿ ಇಡದೆ ಹಾಗೇ ಇಟ್ಟು ಕತ್ತರಿಸಿದ್ದಾರೆ. ಒಂದೇ ಕಡೆ ಪ್ರಿಂಟ್ ಇರುವ ಬಟ್ಟೆ. ಎರಡೂ ಎಡಗೈ ತೋಳೇ ಆದವು. ಇದು ಕಲಿಯುವವರು ಮಾಡುವ ತಪ್ಪು, ಹದಿನೈದು ವರ್ಷ ಕತ್ತರಿ ಹಿಡಿದವರದ್ದಲ್ಲ. ಹೊಲಿಗೆಯಲ್ಲೂ ತೊಂದರೆ. ಅಂಚು ಮುಗಿದರೂ ಕಾಲು ಪೆಡಲ್ ಬಿಡುವುದಿಲ್ಲ, ಬಟ್ಟೆಯಾಚೆ ನೂಲು ಓಡುತ್ತಿರುತ್ತದೆ. ಬೆಳಿಗ್ಗೆ ಒಲೆ ಮುಂದೆ ನಿಂತರೆ ಮೊದಲು ಏನು ಮಾಡಬೇಕು ಅಂತ ತೋಚದೆ ನಿಂತೇ ಇರುತ್ತಾರೆ. ಮನೆಯವರ ಪ್ರಕಾರ ಇದು ಒಂದೋ ಸೋಮಾರಿತನ, ಇಲ್ಲ ಇಸಿಟಿಯ ಹಾನಿ.

ಪೂರ್ತಿ ಪರೀಕ್ಷೆಗೆ ಈಗ ಹೊತ್ತು ಬಂತು. ನಿಮ್ಹಾನ್ಸ್ 2004ರಲ್ಲಿ ಹೊರತಂದ ನ್ಯೂರೋಸೈಕಾಲಜಿ ಬ್ಯಾಟರಿಯಿಂದ ಬೇಕಾದ ಪರೀಕ್ಷೆಗಳನ್ನು ಆರಿಸಿಕೊಂಡೆ. ಅದರಲ್ಲಿ ವಯಸ್ಸು, ಓದು, ಹೆಣ್ಣು-ಗಂಡು ನೋಡಿ ಹೋಲಿಸುವ ಮಟ್ಟಗಳಿವೆ, ಎಸ್ಸೆಸ್ಸೆಲ್ಸಿ ಓದಿದವರನ್ನು ಪದವೀಧರರ ಜೊತೆ ತೂಗುವ ಅನ್ಯಾಯ ಆಗುವುದಿಲ್ಲ. ಒಂದೇ ದಿನ ಕೂರಿಸಲಿಲ್ಲ, ಎರಡು ಬೆಳಗಿಗೆ ಹಂಚಿದೆ.

ಅನುಮಾನ ನಾಲ್ಕರ ಮೇಲಿತ್ತು: ಉಳಿದ ಖಿನ್ನತೆ, ಲೋರಾಜೆಪಾಮ್, ಇಸಿಟಿ, ಮತ್ತು ಕ್ಯಾಟಟೋನಿಯಾ. ಒಂದೇ ಸಲದ ಪರೀಕ್ಷೆಯಲ್ಲಿ ಇವನ್ನು ಬೇರ್ಪಡಿಸಲು ಆಗುವುದಿಲ್ಲ. ಕಾಲವೇ ಬೇರ್ಪಡಿಸಬೇಕು. ಇಸಿಟಿಯ ಅಡ್ಡಪರಿಣಾಮ ಸಾಮಾನ್ಯವಾಗಿ ನೆನಪಿಗೆ ಸಂಬಂಧಿಸಿದ್ದು, ಹೊಸದನ್ನು ಕಲಿಯುವ ಶಕ್ತಿ ವಾರಗಳಲ್ಲಿ ಮರಳುತ್ತದೆ. ಚಿಕಿತ್ಸೆಯ ಆಸುಪಾಸಿನ ದಿನಗಳ ನೆನಪು ಮಾತ್ರ ಕೆಲವರಿಗೆ ಮರಳದೇ ಹೋಗಬಹುದು. ಲೋರಾಜೆಪಾಮ್ ಗಮನವನ್ನೂ ನೆನಪನ್ನೂ ಮಂದ ಮಾಡುತ್ತದೆ, ಡೋಸ್ ಇಳಿದಂತೆ ತಿಳಿಯಾಗಬೇಕು. ಹಾಗಾಗಿ ಈಗೊಮ್ಮೆ, ಲೋರಾಜೆಪಾಮ್ ಇಳಿದ ಮೇಲೊಮ್ಮೆ ಪರೀಕ್ಷೆ ಅಂತ ನಿರ್ಧರಿಸಿದೆವು.

ಮೊದಲ ಸಲ ಪದಪಟ್ಟಿ ಕಲಿಯುವುದು, ಬಣ್ಣ-ಅಂಕಿ ಜೋಡಿಸಿ ಗೆರೆ ಎಳೆಯುವುದು, ಚಿತ್ರ ನೋಡಿ ನಕಲು ಮಾಡುವುದು, ಗುಂಡುಗಳನ್ನು ಯೋಚಿಸಿ ಸರಿಸುವ ಟವರ್ ಪರೀಕ್ಷೆ, ಎಲ್ಲದರಲ್ಲೂ ಹಿಂದೆ. ಎರಡನೇ ಸಲ, ಡಿಸ್ಚಾರ್ಜ್ ಆಗಿ ಸುಮಾರು ನಾಲ್ಕು ತಿಂಗಳಿಗೆ, ಲೋರಾಜೆಪಾಮ್ ದಿನಕ್ಕೆ 1 ಮಿಲಿಗ್ರಾಂಗೆ ಇಳಿದಿತ್ತು. ಪದಪಟ್ಟಿ ಆಕೆಯ ಓದಿನ ಮಟ್ಟಕ್ಕೆ ಸರಿಯಾಗಿ ಬಂದಿತ್ತು. ಮನಸ್ಸು ಕೂಡ ಹಗುರವಾಗಿತ್ತು, ನಗುತ್ತಿದ್ದರು. ಆದರೆ ಚಿತ್ರದ ನಕಲು ಮತ್ತು ಟವರ್ ಇನ್ನೂ ಕೆಳಗೇ. ಚಿತ್ರದಲ್ಲಿ ಒಂದೊಂದು ಗೆರೆಯೂ ಇತ್ತು, ಯಾವುದೂ ತನ್ನ ಜಾಗದಲ್ಲಿರಲಿಲ್ಲ.

ಅಂದರೆ ಗಂಡ ದೂರಿದ ಇಸಿಟಿ ಮುಟ್ಟಿರಬಹುದಾದ, ಹೊಸದನ್ನು ಕಲಿತು ನೆನಪಿಡುವ ಶಕ್ತಿ ವಾಪಸ್ ಬಂದಿತ್ತು. ಉಳಿದದ್ದು ಜಾಗ, ಆಕಾರ, ಯೋಜನೆಯ ಕೆಲಸ. ಜರ್ಮನಿಯ ನಾರ್ಥೋಫ್ ಮತ್ತು ಸಂಗಡಿಗರು ಕ್ಯಾಟಟೋನಿಯಾ ಬಂದು ಹೋದವರಲ್ಲಿ ನೋಡಿದ್ದೂ ಇದೇ ಬಗೆಯದು: ಮೆದುಳಿನ ಬಲಭಾಗದ ಪರೈಟಲ್ (ಜಾಗ, ಆಕಾರ ಗ್ರಹಿಸುವ ಭಾಗ) ಮತ್ತು ಮುಂಭಾಗದ ಕೆಲಸಗಳಲ್ಲಿ ಕೊರತೆ, ಜೊತೆಗೆ ಚಲನೆಯನ್ನು ಮುಗಿಸುವುದರಲ್ಲಿ ತೊಡಕು. ನೂಲು ಬಟ್ಟೆಯಾಚೆ ಓಡುವುದನ್ನು ನೋಡಿದ್ದ ನನಗೆ ಇದು ಚೆನ್ನಾಗಿ ಹೊಂದಿತು. ಒಬ್ಬ ರೋಗಿಯಿಂದ ಏನೂ ಸಾಬೀತಾಗದು, ನಿಜ. ಖಿನ್ನತೆಯೇ ಇಷ್ಟನ್ನು ಮಾಡಬಲ್ಲದು ಅಂತ ತಂಡದ ಸೈಕಿಯಾಟ್ರಿಸ್ಟ್ ಕೊನೆಯವರೆಗೂ ವಾದಿಸಿದರು. ಇಬ್ಬರೂ ಒಪ್ಪಿದ್ದು ಒಂದನ್ನ: ಕಾರಣ ಯಾವುದೇ ಇರಲಿ, ಇದು ಸೋಮಾರಿತನ ಅಲ್ಲ.

ಮಾಡಿ ನೋಡಿದ್ದು

ಮೊದಲು ಮಗ ಮೊಬೈಲಿನಲ್ಲಿ ಮೆದುಳಿನ ಆಟದ ಆ್ಯಪ್ ಹಾಕಿಕೊಟ್ಟ. ಆಟದಲ್ಲಿ ಅಂಕ ಏರಿತು, ಒಲೆ ಮುಂದೆ ನಿಲ್ಲುವುದು ನಿಲ್ಲಲಿಲ್ಲ. ಬಿಟ್ಟೆವು.

ಗಂಡನ ವಿಧಾನ ಇನ್ನೂ ಕೆಟ್ಟದ್ದಾಯಿತು. "ಹೊಲಿ, ಯಾಕೆ ಕೂತಿದೀಯ, ಬೇಗ" ಅಂತ ಮೇಲಿಂದ ಮೇಲೆ ಹೇಳುವುದು. ಒತ್ತಿದಷ್ಟೂ ಆಕೆ ಗಟ್ಟಿಯಾಗುತ್ತಿದ್ದರು, ಕೈ ಮಡಿಲಿಗೆ ಹೋಗಿ ಕೂರುತ್ತಿತ್ತು. ಒಂದೇ ಸಲ ಹೇಳಿ ಎದ್ದು ಹೋಗಿ, ಐದು ನಿಮಿಷ ಆ ಕಡೆ ತಲೆ ಹಾಕಬೇಡಿ ಅಂತ ಅವರಿಗೆ ಕಲಿಸಲು ಸುಮಾರು ಸಮಯ ಹಿಡಿಯಿತು. ಅತ್ತೆ ಹೇಳದೆಯೇ ಇದನ್ನು ಕಂಡುಕೊಂಡಿದ್ದರು. ಅವರು ಬಾಯಿ ಬಿಡುತ್ತಿರಲಿಲ್ಲ, ದಾರ ಪೋಣಿಸಿದ ಸೂಜಿಯನ್ನು ಸೊಸೆಯ ಕೈಗೆ ಕೊಟ್ಟು ತಮ್ಮ ಪಾಡಿಗೆ ಹೂ ಕಟ್ಟಲು ಕೂರುತ್ತಿದ್ದರು. ಮುಂದಿನ ಯೋಜನೆಯನ್ನೆಲ್ಲ ಅದರ ಮೇಲೇ ಕಟ್ಟಿದೆವು.

ಕೆಲಸವನ್ನೇ ವ್ಯಾಯಾಮ ಮಾಡಿದೆವು. ಮೊದಲು ಸೀರೆಗೆ ಫಾಲ್ ಹಚ್ಚುವುದು ಮಾತ್ರ. ನೇರ ಗೆರೆ, ಶುರು ಮತ್ತು ಕೊನೆ ಎರಡೂ ಕಣ್ಣಿಗೆ ಕಾಣುತ್ತವೆ. ಕೊನೆಯಲ್ಲಿ ಕೆಂಪು ದಾರದ ಒಂದು ಗುರುತು, ಅಲ್ಲಿ ಬಂದಾಗ ಕಾಲು ತೆಗೆದು ನೆಲಕ್ಕೆ ಇಡಬೇಕು, ಬಾಯಲ್ಲಿ "ಆಯ್ತು" ಅನ್ನಬೇಕು. ಎರಡನೇ ಹಂತದಲ್ಲಿ ಹಳೇ ಪೇಪರಿನಲ್ಲಿ ಕಟಿಂಗ್. ತೋಳನ್ನು ಪೇಪರಿನಲ್ಲಿ ಕತ್ತರಿಸಿ, ಒಂದರ ಮೇಲೆ "ಎಡ" ಇನ್ನೊಂದರ ಮೇಲೆ "ಬಲ" ಅಂತ ಬರೆದು, ತಮ್ಮದೇ ಹೆಗಲಿಗೆ ಹಿಡಿದು ನೋಡಿ, ಆಮೇಲೆ ಬಟ್ಟೆ. ಮೆಷಿನ್ ಪಕ್ಕದ ಗೋಡೆಗೆ ಕಟಿಂಗಿನ ಮೆಟ್ಟಿಲುಗಳನ್ನು ಆಕೆಯ ಕೈಯಲ್ಲೇ ಬರೆಸಿ ಅಂಟಿಸಿದೆವು. ನಾನು ಬರೆದುಕೊಟ್ಟ ಮೊದಲ ಪಟ್ಟಿಯಲ್ಲಿ ಟೈಲರುಗಳು ಆಡದ ಮಾತುಗಳಿದ್ದವು. ಅದನ್ನು ನೋಡಿ ನಕ್ಕು, ಹಿಂದೆ ತಿರುಗಿಸಿ ತಮ್ಮ ಮಾತಿನಲ್ಲಿ ಬರೆದರು. ಯೋಜನೆಯ ಪರೀಕ್ಷೆಗಳಲ್ಲಿ ಕಾಣದ ಚುರುಕು ಅವತ್ತು ಕಂಡಿತು.

ನಡುವೆ ಒಮ್ಮೆ ಔಷಧಿ ತೀರಿ, ನಾಲ್ಕು ದಿನ ಲೋರಾಜೆಪಾಮ್ ಇಲ್ಲದೆ ಕಳೆಯಿತು. ತುತ್ತು ಮತ್ತೆ ಅರ್ಧದಲ್ಲಿ ನಿಂತಿತು. ಅತ್ತೆ ಅವತ್ತೇ ಫೋನ್ ಮಾಡಿಸಿದರು, ಅಂದೇ ಔಷಧಿ ಮತ್ತೆ ಶುರುವಾಯಿತು, ಎರಡು ದಿನದಲ್ಲಿ ಸರಿಯಾಯಿತು. ಈ ಔಷಧಿಯನ್ನು ಹಠಾತ್ತನೆ ನಿಲ್ಲಿಸಿದರೆ ಕ್ಯಾಟಟೋನಿಯಾ ಮರಳಬಹುದು, ಫಿಟ್ಸ್ ಕೂಡ ಬರಬಹುದು. ಮಾತು ನಿಲ್ಲುವವರೆಗೆ ಕಾದಿದ್ದರೆ ಮತ್ತೆ ವಾರ್ಡೇ ಗತಿಯಾಗುತ್ತಿತ್ತು.

ಎಲ್ಲಿಗೆ ಬಂತು

ಒಂದು ವರ್ಷಕ್ಕೆ ಸಾದಾ ಬ್ಲೌಸ್ ಹೊಲಿಯುತ್ತಾರೆ, ಶಾಲೆಯ ಯೂನಿಫಾರ್ಮ್ ಆರ್ಡರ್ ಹಿಡಿದಿದ್ದಾರೆ. ಒಂದೇ ಅಳತೆ, ಒಂದೇ ಕಟಿಂಗ್, ಆಕೆಗೆ ಹೇಳಿ ಮಾಡಿಸಿದ ಕೆಲಸ. ಕಟೋರಿ ಬ್ಲೌಸ್ ಒಪ್ಪಿಕೊಳ್ಳುವುದಿಲ್ಲ. ಕಣ್ಣಳತೆ ಹೋಯಿತು, ಈಗ ಟೇಪು ಬೇಕು. ಟವರ್ ಪರೀಕ್ಷೆ ಸುಧಾರಿಸಿದೆ, ಚಿತ್ರದ ನಕಲು ಅಷ್ಟಾಗಿ ಇಲ್ಲ. ಗಿರಾಕಿಗಳ ಲೆಕ್ಕವನ್ನು ಮಗಳು ನೋಡಿಕೊಳ್ಳುತ್ತಾಳೆ. ಮನೆಯ ಆದಾಯ ಮೊದಲಿಗಿಂತ ಕಡಿಮೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಈ ಪ್ರಕರಣದಲ್ಲಿ ದಾರಿ ತಿರುಗಿದ ಜಾಗಗಳು ನನಗೆ ಕಾಣುವಂತೆ ಮೂರು. ವಾರ್ಡಿನಲ್ಲಿ ಪೂರ್ತಿ ಪರೀಕ್ಷೆಯನ್ನು ಮುಂದೂಡಿ ಸಣ್ಣ ಗುರುತನ್ನಷ್ಟೇ ಇಟ್ಟದ್ದು. ಅದಿಲ್ಲದಿದ್ದರೆ "ಇಸಿಟಿ ಸುಟ್ಟಿತು" ಅನ್ನೋ ಮಾತಿಗೆ ನಮ್ಮ ಹತ್ತಿರ ಉತ್ತರ ಇರುತ್ತಿರಲಿಲ್ಲ, ಯಾಕೆಂದರೆ ಗಡಿಯಾರದ ಅಂಕಿಗಳು ಬಲಕ್ಕೆ ಜರುಗಿದ್ದು ಮೊದಲ ಇಸಿಟಿಗೂ ಮುಂಚೆ. ಆ ಕಾಗದ ತೋರಿಸಿದ ಮೇಲೆಯೇ ಗಂಡ ತಣ್ಣಗಾದದ್ದು. ಎರಡನೆಯದು, ತೋಳಿನ ತಪ್ಪನ್ನು ಸುಮ್ನೆ ಎಡವಟ್ಟು ಅನ್ನದೆ ಒಂದು ಲಕ್ಷಣವಾಗಿ ನೋಡಿದ್ದು. ರೋಗಿ ಏನು ಕೆಲಸ ಮಾಡುತ್ತಾರೆ, ಅದರ ಯಾವ ಮೆಟ್ಟಿಲಿನಲ್ಲಿ ಎಡವುತ್ತಾರೆ ಅಂತ ಕೇಳಿದರೆ ಎಷ್ಟೋ ಸಲ ಪರೀಕ್ಷೆಗೆ ಮುಂಚೆಯೇ ಉತ್ತರದ ಅರ್ಧ ಸಿಕ್ಕಿಬಿಡುತ್ತದೆ. ಮೂರನೆಯದು ಅತ್ತೆಯ ಸೂಜಿ. ಶುರು ಮಾಡಲಾಗದವರಿಗೆ ಉಪದೇಶ ಜಾಸ್ತಿಯಾದಷ್ಟೂ ಕೆಲಸ ಕಡಿಮೆ. ಶುರುವನ್ನು ಕೈಗೆ ಕೊಡಬೇಕು.

ನಮ್ಮಲ್ಲಿ ಕ್ಯಾಟಟೋನಿಯಾದ ಡಿಸ್ಚಾರ್ಜ್ ಶೀಟಿಗೆ ಈಗ ಕೆಲವು ಸಾಲು ಸೇರಿವೆ. ಎರಡು ಮತ್ತು ನಾಲ್ಕನೇ ತಿಂಗಳಿಗೆ ಸೈಕಾಲಜಿ ಭೇಟಿಯ ತಾರೀಖು. ಬರಲಾಗದವರು ಮಂಗಳವಾರ ತಾಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿಗೆ ತೋರಿಸಬೇಕು, ರಾತ್ರಿ ಹೊತ್ತು ಗಾಬರಿಯಾದರೆ ಟೆಲಿ-ಮಾನಸ್ ಸಹಾಯವಾಣಿ 14416. ಲೋರಾಜೆಪಾಮ್ ತೀರುವ ತಾರೀಖು ದಪ್ಪ ಅಕ್ಷರದಲ್ಲಿ. ಅದರ ಕೆಳಗೆ, ಮನೆಯವರು ಮೊದಲು ಕಂಡ ಲಕ್ಷಣವನ್ನು ಅವರದೇ ಮಾತಿನಲ್ಲಿ ಬರೆಯಲು ಒಂದು ಖಾಲಿ ಗೆರೆ. ಸರೋಜಾ ಅವರ ಶೀಟಿನಲ್ಲಿ ಅತ್ತೆ ಬರೆಸಿದ್ದು: "ತುತ್ತು ನಿಂತರೆ ಅವತ್ತೇ ಫೋನ್."